ಪಹಣಿ ಎಂದು ಹೆಸರಿಟ್ಟ ಫೋಲ್ಡರ್

ಎಂ.ಎ. ಓದುವಾಗ ನಾನು ಮನೆಯ ಕಂಪ್ಯೂಟರಿನಲ್ಲಿ ದಿನಚರಿ ಬರೆಯುತ್ತಿದ್ದೆ. ತಮ್ಮಂದಿರು ತೆರೆಯಬಾರದೆಂದು ಆ ಫೋಲ್ಡರಿಗೆ ‘ಪಹಣಿ’ ಎಂದು ಹೆಸರಿಟ್ಟಿದ್ದೆ. ಜಮೀನಿನ ಕಾಗದವೆಂದರೆ ಅವರು ಅತ್ತ ಸುಳಿಯುತ್ತಿರಲಿಲ್ಲ. ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡತೊಡಗಿದಾಗ ಅಪ್ಪನೂ ನಾನೂ ಕಂಪ್ಯೂಟರನ್ನು ನರಸೀಪುರದಿಂದ ಬಸ್ಸಿನಲ್ಲಿ ನಂಜನಗೂಡಿನ ರಿಪೇರಿ ಅಂಗಡಿಗೆ ಒಯ್ದೆವು.

“ಇದು ಯಾವಾಗ ನಿಂತೋಗುತ್ತೋ ಗೊತ್ತಿಲ್ಲ. ಪಹಣಿ, ಅಜ್ಜಿ ಫೋಟೊ ಅಂತ ಎರಡವೆ. ಯಾವ್ದು ಮೊದ್ಲು ತಗೀಲಿ?” ಎಂದು ಅಂಗಡಿಯವರು ಕೇಳಿದರು.

ಆ ವರ್ಷವೇ ತೀರಿಕೊಂಡ ಅಜ್ಜಿಯ ಫೋಟೊಗಳು ಬೇರೆಲ್ಲೂ ಇರಲಿಲ್ಲ. ಅಪ್ಪ, “ಪಹಣಿನೇ ತಗೀರಿ ಸಾ. ನಮ್ಮವ್ವ ಇದ್ದಿದ್ರೆ, ಪಟ ಉತ್ತು ಬಿತ್ತಕ್ಕಾದದಾ ಅಂತ ಬಯ್ಯೋಳು” ಎಂದರು.

ನಿಜ ಹೇಳಲು ಬಾಯಿ ತೆರೆದೆ. ಹಾಗಾದರೆ ಅದರೊಳಗೇನಿದೆ ಎಂದು ಕೇಳಿಯಾರೆಂದು ಹೆದರಿ ಸುಮ್ಮನಾದೆ. ನನ್ನ ಬರಹವೆಲ್ಲ ಸಿಡಿಗೆ ಇಳಿಯಿತು. ಅಜ್ಜಿಯ ಮೊದಲ ಫೋಟೊ ತೆಗೆಯುವಷ್ಟರಲ್ಲಿ ಡಿಸ್ಕ್ ನಿಂತೇ ಹೋಯಿತು.

“ಓಗ್ಲಿ ಬುಡವ್ವ, ಬೇಕಾದ್ದು ಉಳೀತಲ್ಲ” ಎಂದು ಅಪ್ಪ ನನ್ನನ್ನೇ ಸಮಾಧಾನ ಮಾಡಿದರು.

ಆ ಸಿಡಿ ಈಗಲೂ ಅವರ ಟ್ರಂಕಿನಲ್ಲಿ, ಜಮೀನಿನ ಕಾಗದಗಳ ನಡುವೆ ಭದ್ರವಾಗಿದೆ. ಅದನ್ನು ಕೊಡಿ ಎಂದು ಕೇಳುವ ಮುಖ ನನಗಿಲ್ಲ.