ಕೆಡದ ಶ್ರುತಿ ಪೆಟ್ಟಿಗೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಗಿರಿಜಾ ಮಿಸ್ ಅವರ ಬಲಗಿವಿಯನ್ನು ಕೆಡಿಸಿದೆ. ಕಂಪ್ಯೂಟರ್ ಪರದೆಯ ಮೂಲೆಯಲ್ಲಿದ್ದ ಆ ಅಂಕಿ ಈಗಲೂ ಕಣ್ಣ ಮುಂದಿದೆ. ಕೆಡಿಸಿದ್ದು ಒಂದು ಕ್ಷಣದ ಕೆಲಸ. ಆಮೇಲೆ ಮೂರು ವರ್ಷ — ಕೆಟ್ಟಿರುವುದು ಕಿವಿಯಲ್ಲ, ತಮ್ಮ ಗಂಟಲು ಎಂದು ಅವರು ನಂಬಿಕೊಂಡಿದ್ದನ್ನು ನೋಡುತ್ತ ಸುಮ್ಮನಿದ್ದೆ. ಮೊದಲನೆಯದನ್ನು ಅಚಾತುರ್ಯ ಎನ್ನಬಹುದೇನೋ. ಎರಡನೆಯದಕ್ಕೆ ನನ್ನ ಹತ್ತಿರ ಹೆಸರಿಲ್ಲ. 

ಗಿರಿಜಾ ಮಿಸ್ ಬನಶಂಕರಿಯಲ್ಲಿ ನಮ್ಮ ರಸ್ತೆಯವರೇ, ನಮ್ಮ ಮನೆಯ ಎದುರು ಸಾಲಿನವರು. ಅವರ ಯಜಮಾನರದು ಸಿದ್ದಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ. ಇವರು ಮನೆಯಲ್ಲಿ ಮಕ್ಕಳಿಗೆ ವಚನ ಹಾಡುವುದನ್ನು ಹೇಳಿಕೊಡುತ್ತಿದ್ದರು. ಸಂಜೆಯಾದರೆ ಅವರ ವರಾಂಡದ ತುಂಬ ಪುಟ್ಟ ಪುಟ್ಟ ಚಪ್ಪಲಿಗಳು, ಒಳಗೆ ಶ್ರುತಿ ಪೆಟ್ಟಿಗೆಯ ಝೇಂಕಾರ. ಚಿಕ್ಕಂದಿನಲ್ಲಿ ನಾನೂ ಅಲ್ಲಿ ಚಪ್ಪಲಿ ಬಿಟ್ಟವನು. ನನ್ನ ಕಿವಿಗೆ ಸ್ವರ ಎಂದರೇನು ಎಂದು ತೋರಿಸಿದವರು ಅವರು. ಮುಂದೆ ಎಂಜಿನಿಯರಿಂಗ್ ಮುಗಿಸಿ, ಸಾರಕ್ಕಿಯಲ್ಲಿ ಟೈಲ್ಸ್ ಅಂಗಡಿಯ ಮೇಲಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ಗೋಡೆಗೆಲ್ಲ ಫೋಮ್ ಅಂಟಿಸಿ, ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟುಕೊಂಡೆ.

ನನ್ನ ಗೆಳೆಯ ಲೋಕೇಶ ಭಕ್ತಿಗೀತೆಗಳ ಚಾನೆಲ್ ಒಂದನ್ನು ನಡೆಸುತ್ತಿದ್ದ. ವಚನಗಳನ್ನು ಹಾಡಲು ಒಳ್ಳೆಯ ದನಿ ಬೇಕು ಎಂದಾಗ ನಾನೇ ಮಿಸ್ ಹೆಸರು ಹೇಳಿದೆ. ಅವರು ಒಪ್ಪಿದ್ದು ಲೋಕೇಶನಿಗಾಗಿ ಅಲ್ಲ. "ನಮ್ ಮಧು ಸ್ಟುಡಿಯೋ ಅಂದ್ಮೇಲೆ ಬರ್ದೇ ಇರ್ತೀನಾ" ಎಂದಿದ್ದರು.

ಇಲ್ಲಿ ಓವರ್‌ಸ್ಯಾಂಪ್ಲಿಂಗ್ ಎಂದರೇನು ಎಂದು ಸ್ವಲ್ಪ ಹೇಳಬೇಕು. ಕಂಪ್ಯೂಟರು ದನಿಯನ್ನು ಸೆಕೆಂಡಿಗೆ ಹತ್ತಾರು ಸಾವಿರ ಚೂರುಗಳಾಗಿ ಹಿಡಿದಿಡುತ್ತದೆ. ಆ ದನಿಗೆ ಒಂದಿಷ್ಟು ಮೈ ಬರಲಿ ಎಂದು ನಾವು ಪ್ಲಗಿನ್ ಎಂಬ ಪುಟ್ಟ ತಂತ್ರಾಂಶದೊಳಗೆ ಅದನ್ನು ಹಿಂಡುತ್ತೇವೆ. ಹಿಂಡಿದಾಗ ಹೊಸ ತಾರಧ್ವನಿಗಳು ಹುಟ್ಟುತ್ತವೆ. ಅವುಗಳಲ್ಲಿ ಕೆಲವು ಆ ಚೂರುಗಳಲ್ಲಿ ಹಿಡಿಸಲಾರದಷ್ಟು ಮೇಲಿನವು. ಅವು ಮಡಚಿಕೊಂಡು ಕೆಳಗೆ ಬೀಳುತ್ತವೆ — ಹಾಡಿನ ಶ್ರುತಿಗೆ ಸಂಬಂಧವೇ ಇಲ್ಲದ ತಗಡಿನಂಥ ಸದ್ದಾಗಿ. ಚೂರುಗಳನ್ನು ನಾಲ್ಕು ಪಟ್ಟೋ ಹದಿನಾರು ಪಟ್ಟೋ ಹೆಚ್ಚಿಸಿಕೊಂಡು ಹಿಂಡಿ, ಮೇಲಿನ ಕಸವನ್ನು ಸೋಸಿ, ಮತ್ತೆ ಮೊದಲಿನ ಲೆಕ್ಕಕ್ಕೆ ತಂದರೆ ಆ ತಗಡು ಇರುವುದಿಲ್ಲ. ಅದೇ ಓವರ್‌ಸ್ಯಾಂಪ್ಲಿಂಗ್. ದನಿ ನಯವಾಗುತ್ತದೆ. ಆದರೆ ಕಂಪ್ಯೂಟರಿಗೆ ಭಾರ. ದನಿ ಹೊರಬರುವುದೂ ಒಂದು ಚೂರು ತಡ. ಆದ್ದರಿಂದ ಹಾಡುವವರು ಮನೆಗೆ ಹೋದ ಮೇಲೆ, ಹಾಡಿದ್ದನ್ನೆಲ್ಲ ಕೂಡಿಸಿ ಮಿಕ್ಸ್ ಮಾಡಲು ಕುಳಿತಾಗ ಮಾತ್ರ ಅದನ್ನು ಹಾಕಬೇಕು. ಹೆಡ್‌ಫೋನ್ ಹಾಕಿಕೊಂಡು ಒಬ್ಬರು ಹಾಡುತ್ತಿರುವಾಗ ಅದನ್ನು ಮುಟ್ಟಬಾರದು.

ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯುವ ಅವಕಾಶವೂ ನನಗಿಲ್ಲ.

ಅಂದು ಮಿಸ್ ಗಾಜಿನ ಆಚೆ ನಿಂತು ಹಾಡುತ್ತಿದ್ದರು. ಎಂದಿನಂತೆ ಹೆಡ್‌ಫೋನಿನ ಎಡಭಾಗವನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಿದ್ದರು. ಹಾಗೆ ಮಾಡಿದರೆ ತಾಳದ ಸದ್ದು ಸೋರಿ ಮೈಕಿಗೆ ಸೇರುತ್ತದೆ ಎಂದು ನಾನು ಗೊಣಗಿದ್ದಕ್ಕೆ ನಕ್ಕು, "ಒಂದ್ ಕಿವಿ ನಿಂಗ್ ಕೊಟ್ಟಿದೀನಲ್ಲೋ, ಇನ್ನೊಂದಾದ್ರೂ ನಂಗಿರ್ಲಿ" ಎಂದಿದ್ದರು.

ನನ್ನ ಹಿಂದೆ ಸೋಫಾದಲ್ಲಿ ಲೋಕೇಶ ಚುರುಮುರಿ ತಿನ್ನುತ್ತ ಕುಳಿತಿದ್ದ.

"ಮಗಾ, ವಾಯ್ಸು ಯಾಕೋ ತಗಡು ತಗಡಾಗ್ ಕೇಳ್ತಿದೆ."

"ಇದು ಬರೀ ರಾ ಕಣೋ, ಇನ್ನೂ ಏನೂ ಹಾಕಿಲ್ಲ. ಮಿಕ್ಸಲ್ಲಿ ಸರಿ ಹೋಗುತ್ತೆ."

"ಎಲ್ರೂ ಹಂಗೇ ಅಂತಾರೆ ಬಿಡು. ಏನೋ ದೊಡ್ಡ ಐಟಮ್ಮು ತಗೊಂಡಿದೀನಿ ಅಂತಿದ್ದೆ? ಶೋಕೇಸಲ್ಲಿ ಇಡೋಕಾ?"

ಇಷ್ಟೇ. ಇದಕ್ಕಾಗಿ. "ತಡಿ ಗುರು, ರೇಷ್ಮೆ ಥರ ಮಾಡ್ ತೋರಿಸ್ತೀನಿ" ಎಂದು ಹೊಸ ಪ್ಲಗಿನ್ ಹಾಕಿ ಓವರ್‌ಸ್ಯಾಂಪ್ಲಿಂಗನ್ನು ನಾಲ್ಕು ಪಟ್ಟಿಗೆ ಏರಿಸಿದೆ. ಮಿಸ್ ತಕ್ಷಣ ಹಾಡು ನಿಲ್ಲಿಸಿದರು.

"ಮಧೂ, ನನ್ ದನಿ ನಂಗೇ ಲೇಟಾಗ್ ಬರ್ತಿದೆ ಕಣೋ. ಯಾರೋ ಹಿಂದೆ ನಿಂತ್ಕೊಂಡು ಅಣಕಿಸ್ದಂಗಿದೆ."

ಆಗಲೇ ಮೊದಲಿದ್ದಲ್ಲಿಗೆ ಇಳಿಸಬೇಕಿತ್ತು. ಲೋಕೇಶನ ಎದುರು ಇಳಿಸಲು ನನಗೆ — ಏನೆನ್ನಲಿ, ನಾಚಿಕೆ. ಹೆಡ್‌ಫೋನಿಗೆ ಹೋಗುವ ದಾರಿಯಲ್ಲಿ ಲಿಮಿಟರ್ ಎಂಬುದೊಂದು ಇರುತ್ತದೆ. ಏನೇ ಎಡವಟ್ಟಾದರೂ ಸದ್ದು ಒಂದು ಮಿತಿ ದಾಟಿ ಕಿವಿಗೆ ಬೀಳದಂತೆ ಅದು ತಡೆಯುತ್ತದೆ. ಅದೂ ತುಸು ತಡ ಮಾಡುತ್ತದೆ. ಅದನ್ನು ತೆಗೆದುಬಿಟ್ಟೆ.

"ಈಗ ಮಿಸ್?"

"ಹಾಂ, ಈಗ ಪರ್ವಾಗಿಲ್ಲ."

ಅವರು ಮತ್ತೆ ಹಾಡತೊಡಗಿದರು. ಲೋಕೇಶ ಬೆರಳು ನೆಕ್ಕಿಕೊಳ್ಳುತ್ತ, "ಇನ್ನೂ ಒಂಚೂರು ಗುರು" ಎಂದ. ಅವರು ತಾರಸ್ಥಾಯಿಗೆ ಏರುತ್ತಿದ್ದಾಗ, ಅವರನ್ನು ನಿಲ್ಲಿಸದೆ, ಹೆಡ್‌ಫೋನ್ ತೆಗೆಯಿರಿ ಎಂದು ಹೇಳದೆ, ಹದಿನಾರು ಪಟ್ಟು ಎಂಬುದರ ಮೇಲೆ ಒತ್ತಿದೆ.

ಕಂಪ್ಯೂಟರು ಒಮ್ಮೆ ಉಸಿರು ಕಟ್ಟಿದಂತೆ ನಿಂತಿತು. ಆಮೇಲೆ ಆ ಸದ್ದು — ಗರಗಸ ಕಬ್ಬಿಣಕ್ಕೆ ತಾಗಿದಂತೆ, ಆದರೆ ಅದಕ್ಕೆ ಆದಿಯೂ ಇಲ್ಲ, ಏರಿಳಿತವೂ ಇಲ್ಲ. ಒಂದೇ ಸಲ ಪೂರ್ತಿ. ನಮ್ಮ ಕಡೆಯ ಸ್ಪೀಕರನ್ನು ಕಡಿಮೆ ಮಾಡಿಟ್ಟಿದ್ದರೂ ಲೋಕೇಶನ ಕೈಯಿಂದ ಚುರುಮುರಿ ಪೊಟ್ಟಣ ಬಿದ್ದುಹೋಯಿತು. ಗಾಜಿನ ಆಚೆ ಮಿಸ್ ಹೆಡ್‌ಫೋನನ್ನು ಕಿತ್ತೆಸೆದರು. ಬಾಯಿ ತೆರೆದಿತ್ತು. ಬಲಗೈ ಕಿವಿಯ ಮೇಲಿತ್ತು. ಆ ಮುಖವನ್ನು ಎಷ್ಟು ಸಲ ನೋಡಿದ್ದೇನೋ — ಸಿಗ್ನಲ್ಲಿನಲ್ಲಿ ನಿಂತಾಗ, ಹಲ್ಲುಜ್ಜುವಾಗ, ಕುಕ್ಕರ್ ಕೂಗಿದಾಗ.

ಆಗ ನಾನು ಮೊದಲು ಮಾಡಿದ್ದೇನು ಗೊತ್ತೇ? ಓಡಿ ಬಾಗಿಲು ತೆರೆಯಲಿಲ್ಲ. ಅವರು ಅಲ್ಲಿಯವರೆಗೆ ಹಾಡಿದ್ದು ಅಳಿಸಿಹೋಗದೆ ಉಳಿದಿದೆಯೇ ಎಂದು ನೋಡಿದೆ. ಉಳಿದಿತ್ತು. ಸಮಾಧಾನವಾಯಿತು. ಆ ಸಮಾಧಾನವೇ ಇವತ್ತಿಗೂ ನನಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿಸುವುದು.

"ಏನೋ ಅದು?" ಎಂದರು ಹೊರಗೆ ಬಂದು. ತಾವು ಎಷ್ಟು ಜೋರಾಗಿ ಮಾತಾಡುತ್ತಿದ್ದೇವೆ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ.

"ವೈರ್ ಲೂಸಾಗಿದೆ ಮಿಸ್. ಹಳೇ ಹೆಡ್‌ಫೋನು."

"ಕಿವೀಲಿ ಕುಯ್ ಅಂತಿದೆ. ಡಾಕ್ಟ್ರಿಗೆ ತೋರಿಸ್ಲಾ?"

"ಅಯ್ಯೋ, ಸಂಜೆಗೆ ಹೋಗುತ್ತೆ ಬಿಡಿ. ನಮಗೆಲ್ಲ ದಿನಾ ಆಗೋದೇ."

ಲೋಕೇಶ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ, ಬಿದ್ದಿದ್ದ ಪುರಿಯನ್ನು ಕಾಲಿನಿಂದ ಸೋಫಾದ ಕೆಳಗೆ ತಳ್ಳಿದ.

ಸಂಜೆಗೆ ಹೋಗಲಿಲ್ಲ. ಮೂರು ವಾರ ಕಳೆದ ಮೇಲೆ ಅವರ ಯಜಮಾನರಿಗೆ ಅಂಗಡಿ ಬಿಟ್ಟು ಬರಲಾಗದೆ, ನಮ್ಮ ಅಮ್ಮನ ಮಾತಿನ ಮೇರೆಗೆ ನಾನೇ ಅವರನ್ನು ಆಟೋದಲ್ಲಿ ಜಯನಗರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಹುಡುಗ ಎಂದರು ಅಮ್ಮ. ಡಾಕ್ಟರು ಪರೀಕ್ಷೆ ಮಾಡಿಸಿ, "ಈಚೆಗೆ ಏನಾದ್ರೂ ಜೋರು ಸದ್ದು ಕಿವಿಗೆ ಬಿದ್ದಿತ್ತಾ?" ಎಂದು ಕೇಳಿದರು. ಮಿಸ್ ನನ್ನ ಕಡೆ ತಿರುಗಿದರು.

"ಅವತ್ತು ಸ್ಟುಡಿಯೋದಲ್ಲಿ... ಏನೋ ಅದು ಮಧು?"

ನಾನು ಹೇಳಿದೆ: "ಸ್ವಲ್ಪ ಕಿರ್ ಅಂತು ಸಾರ್. ಅಷ್ಟೇ."

ಬಲಗಿವಿ ತುಸು ಮಂದವಾಗಿದೆ, ವಯಸ್ಸಾಗುತ್ತ ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ದೊಡ್ಡ ಸದ್ದಿನಿಂದ ಆಗಿದ್ದರೆ ಮೊದಲ ದಿನಗಳಲ್ಲೇ ಬರಬೇಕಿತ್ತು, ಆಗ ಔಷಧ ಕೊಟ್ಟು ನೋಡಬಹುದಿತ್ತು ಎಂದೂ, ಯಾರಿಗೋ ಹೇಳುವಂತೆ ಹೇಳಿದರು. ನನ್ನ ಪಕ್ಕದಲ್ಲಿ ಕುಳಿತು ಮಿಸ್ ತಲೆಯಾಡಿಸುತ್ತಿದ್ದರು. ವಾಪಸು ಬರುವಾಗ ಆಟೋದಲ್ಲಿ ನಕ್ಕರು: "ವಯಸ್ಸಂತೆ ಕಣೋ. ಐವತ್ತಕ್ಕೇ?"

ಕೆಲವು ದಿನ ಕಳೆದು ಅವರು ತಮ್ಮ ಶ್ರುತಿ ಪೆಟ್ಟಿಗೆಯನ್ನು ನನ್ನ ಕೈಗಿತ್ತರು. "ಇದು ಯಾಕೋ ಎರಡೆರಡು ಶ್ರುತಿ ಹಿಡೀತಿದೆ. ನೋಡ್ಕೊಡ್ತೀಯಾ?"

ಸ್ಟುಡಿಯೋಗೆ ಒಯ್ದು ಅಳೆದು ನೋಡಿದೆ. ಷಡ್ಜ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಪೆಟ್ಟಾದ ಕಿವಿಗೆ ಅದೇ ಸ್ವರ ಬೇರೆ ಎತ್ತರದಲ್ಲಿ ಕೇಳಬಹುದು. ಒಂದು ಕಿವಿಯಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಇದನ್ನು ಆ ಹೊತ್ತಿಗಾಗಲೇ ಓದಿ ತಿಳಿದಿದ್ದೆ. ನಾಲ್ಕು ದಿನ ಪೆಟ್ಟಿಗೆಯನ್ನು ನನ್ನ ಬಳಿ ಇಟ್ಟುಕೊಂಡು, ಬಟ್ಟೆಯಿಂದ ಒರೆಸಿ, "ಸರಿ ಮಾಡಿದೀನಿ ಮಿಸ್" ಎಂದು ಕೊಟ್ಟೆ. ಮತ್ತೊಮ್ಮೆ ಕೊಟ್ಟರು. ಮತ್ತೊಮ್ಮೆ ಒರೆಸಿದೆ.

ಮೂರನೆಯ ಸಲ ಕೊಡಲಿಲ್ಲ. ಪೆಟ್ಟಿಗೆ ಸರಿಯಿದೆ ಎಂದ ಮೇಲೆ ಕೆಟ್ಟಿರುವುದು ತಮ್ಮ ಗಂಟಲೇ ಎಂದು ಅವರಿಗೆ ಖಚಿತವಾಯಿತು; ಮಂದವಾದ ಕಿವಿಗೆ ಸ್ವರದ ಎತ್ತರವೂ ಬದಲಾಗಿ ಕೇಳುತ್ತದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಮಕ್ಕಳೆದುರು ಹಾಡುವಾಗ ನಡುವೆ ತಡವರಿಸಿ ನಿಲ್ಲುತ್ತಿದ್ದರಂತೆ. "ಗಂಟಲು ಹೋಯ್ತು ಕಣೆ. ತಪ್ಪು ಹೇಳ್ಕೊಟ್ರೆ ಮಕ್ಕಳ ಕಿವೀನೂ ಹಾಳಾಗುತ್ತೆ" ಎಂದು ನಮ್ಮ ಅಮ್ಮನ ಹತ್ತಿರ ಹೇಳಿದರಂತೆ. ವರಾಂಡದ ಚಪ್ಪಲಿಗಳು ಕಡಿಮೆಯಾಗುತ್ತ ಬಂದವು, ಒಂದು ದಿನ ಪೂರ್ತಿ ಇಲ್ಲವಾದವು.

ಅತ್ತ ಹಾಡು ಹೊರಬಂದಿತ್ತು. ಮಿಸ್ ಅಂದು ಹಾಡಿದಷ್ಟನ್ನೇ ಜೋಡಿಸಿ, ಈಗ ನಿಧಾನವಾಗಿ, ಹದಿನಾರು ಪಟ್ಟು ಹಾಕಿ ಮಿಕ್ಸ್ ಮಾಡಿದ್ದೆ. "ವಾಯ್ಸ್ ಸಖತ್ ಸ್ಮೂತ್ ಅಂತಿದಾರೆ ಮಗಾ" ಎಂದು ಲೋಕೇಶ ಫೋನ್ ಮಾಡಿದ. ಒಮ್ಮೆ ಕಣ್ಣು ಮುಚ್ಚಿಕೊಂಡು, ಓವರ್‌ಸ್ಯಾಂಪ್ಲಿಂಗ್ ಇರುವುದನ್ನೂ ಇಲ್ಲದ್ದನ್ನೂ ಒಂದಾದ ಮೇಲೊಂದು ಹಾಕಿ ಕೇಳಿದೆ. ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಮತ್ತೆ ಕೇಳಿದೆ. ತಿಳಿಯಲಿಲ್ಲ. ಕಂಪ್ಯೂಟರ್ ಆರಿಸಿ ಸ್ಟುಡಿಯೋಗೆ ಬೀಗ ಹಾಕಿದೆ.

ಅಷ್ಟಾದರೂ ಹೇಳಲಿಲ್ಲ, ನೋಡಿ. ರಾತ್ರಿ ಎಚ್ಚರವಾಗಿ ಹೊರಳಾಡುವುದನ್ನೇ ಶಿಕ್ಷೆ ಎಂದುಕೊಂಡು ಮತ್ತಷ್ಟು ಕಾಲ ತಳ್ಳಿದೆ.

ಈಚೆಗೆ ಒಂದು ಭಾನುವಾರ ಮಿಸ್ ಕರೆದರು. ಮೇಜಿನ ಮೇಲೆ ಶ್ರುತಿ ಪೆಟ್ಟಿಗೆ ಇತ್ತು, ವೈರನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರು.

"ಇದನ್ನ ನೀನೇ ಇಟ್ಕೊ. ಸ್ಟುಡಿಯೋಗೆ ಬೇಕಾಗುತ್ತೆ. ನಂಗಿನ್ಯಾಕೆ?"

ತೆಗೆದುಕೊಳ್ಳಲು ಕೈ ಚಾಚಿದ್ದೆ. ಚಾಚಿದ ಕೈಯನ್ನು ನೋಡಿದೆ — ಮೌಸ್ ಒತ್ತಿದ ಕೈ, ಒರೆಸಿದ ಕೈ. ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಲಿಮಿಟರ್ ತೆಗೆದದ್ದು, ಹದಿನಾರು ಪಟ್ಟು, ಇಲ್ಲದ ಲೂಸ್ ವೈರು, ಡಾಕ್ಟರ ಎದುರಿನ ಮಾತು.

ಅವರು ರಬ್ಬರ್ ಬ್ಯಾಂಡ್ ಬಿಚ್ಚಿ ಪೆಟ್ಟಿಗೆಯನ್ನು ಚಾಲೂ ಮಾಡಿದರು. ಅಂಗೈಯಿಂದ ಬಲಗಿವಿಯನ್ನು ಬಿಗಿಯಾಗಿ ಮುಚ್ಚಿಕೊಂಡು ಷಡ್ಜ ಹಿಡಿದರು.

"ಸರಿಯಿದೆಯಾ? ಸುಳ್ಳು ಹೇಳ್ಬೇಡ."

"ಸರಿಯಿದೆ ಮಿಸ್."

ಎಡಗಿವಿ ಮುಚ್ಚಿಕೊಂಡು ಹಾಡಿದರು. ದನಿ ಶ್ರುತಿಯಿಂದ ಜಾರಿತು. ಮತ್ತೆ ಬಲಗಿವಿ ಮುಚ್ಚಿ ಹಾಡಿದರು. ನಿಂತಿತು, ಕದಲದೆ.

"ಹಾಗಾದ್ರೆ ಗಂಟಲು ಕೆಟ್ಟಿರ್ಲಿಲ್ಲ."

"ಇಲ್ಲ ಮಿಸ್."

"ಎರಡು ಸಲ ಪೆಟ್ಟಿಗೆ ಕೊಟ್ಟೆನಲ್ಲ. ಏನ್ ರಿಪೇರಿ ಮಾಡ್ದೆ?"

"ಏನೂ ಇಲ್ಲ. ಒರೆಸಿ ತಂದ್ಕೊಟ್ಟೆ."

ಅವರು ಪೆಟ್ಟಿಗೆಯ ಮೇಲಿನ ಇಲ್ಲದ ಧೂಳನ್ನು ಸೆರಗಿನಿಂದ ಒರೆಸಿದರು. ನನ್ನ ಕಡೆ ನೋಡಲಿಲ್ಲ.

"ಹೋಗು ಮಧು. ಇದು ಇಲ್ಲೇ ಇರ್ಲಿ."

ಕ್ಷಮಿಸಿ ಎಂಬ ಮಾತನ್ನು ಆಡಲಿಲ್ಲ. ಅದನ್ನೂ ಅವರ ಕೈಗೆ ಕೊಟ್ಟು ಸರಿ ಮಾಡಿಕೊಡಿ ಎನ್ನುವ ಮುಖ ನನಗಿರಲಿಲ್ಲ. ಮನೆಗೆ ಬಂದು, ಊಟ ಮಾಡಿ, ಮಲಗಿದೆ.

ಬೆಳಿಗ್ಗೆ ಅಮ್ಮ ಕಾಫಿ ತಂದಿಟ್ಟು ಕೇಳಿದರು: "ಗಿರಿಜಮ್ಮನ ಮನೇಲಿ ರಾತ್ರಿಯೆಲ್ಲ ಶ್ರುತಿ ಕೇಳ್ತಿತ್ತು. ಅದರ ಜೊತೆ ಹಾಡೋದು, ನಿಲ್ಲಿಸೋದು, ಮತ್ತೆ ಹಾಡೋದು. ನಿಂಗೆ ಕೇಳಿಸ್ಲಿಲ್ವೇನೋ?"

ನನಗೆ ಕೇಳಿಸಿರಲಿಲ್ಲ. ಮೂರು ವರ್ಷಗಳಲ್ಲಿ ಮೊದಲ ಸಲ, ಬೆಳಗಾಗುವವರೆಗೂ ನಾನು ನಿದ್ದೆ ಮಾಡಿದ್ದೆ.