ಅಪ್ಪ ಆರಿಸಿಕೊಟ್ಟ ಸ್ಪೀಕರ್

ಆಗೆಲ್ಲ ಊರಿನಲ್ಲಿ ಲಗ್ನವಿದೆ ಎಂಬುದು ಮೊದಲು ತಿಳಿಯುತ್ತಿದ್ದದ್ದು ಕಿವಿಗೆ. ಬೆಟಗೇರಿಯ ಮಗ್ಗಗಳ ಟಕಟಕದ ಮೇಲೆ ಎಲ್ಲಿಂದಲೋ ಹಾಡು ತೇಲಿ ಬಂದರೆ, ಅದು ಬಹುಪಾಲು ಅಪ್ಪನ ಮೈಕ್‌ಸೆಟ್‌ನದೇ. ಓಣಿಯ ತುದಿಯಲ್ಲಿ ಅವನ ಬಾಡಿಗೆ ಮೈಕಿನ ಅಂಗಡಿ. ಅಲ್ಲಿಯ ಬೆಸುಗೆಯ ಹೊಗೆ ಅವನ ಅಂಗಿಗೂ ಹತ್ತಿರುತ್ತಿತ್ತು. ನನಗೆ ಅದೇ ಅಪ್ಪನ ವಾಸನೆ.

ನಾನು ಗದಗಿನ ಕಾನ್ವೆಂಟಿನಲ್ಲಿ ಆರನೇ ಇಯತ್ತೆ. ಶಾಲೆಗೆ ಸ್ವಂತದ ಸ್ಪೀಕರ್ ಕೊಳ್ಳಬೇಕೆಂದು ಹುಡುಗಿಯರೆಲ್ಲ ವರ್ಷವಿಡೀ ಕರವಸ್ತ್ರದ ಮೂಲೆಗೆ ಕಸೂತಿ ಹಾಕಿ ಮಾರಿದ್ದೆವು. ಸೂಜಿ ಚುಚ್ಚಿ ಚುಚ್ಚಿ ನನ್ನ ತೋರುಬೆರಳು ಒರಟಾಗಿತ್ತು. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಆಗ್ನೆಸ್ ಕೇರಳದವರು, ಕನ್ನಡ ಬಾರದು. ಅಪ್ಪನಿಗೆ ಇಂಗ್ಲಿಷ್ ಬಾರದು. ಆರಿಸಿಕೊಡಲು ಅಪ್ಪನನ್ನು ಕರೆದರು. ನಡುವೆ ಮಾತು ದಾಟಿಸಲು ನಾನು.

ಪೇಟೆಯಲ್ಲಿ ಸ್ಪೀಕರ್ ಮಾರುವ ಅಂಗಡಿಯಲ್ಲಿ ಎರಡಿದ್ದವು. ಒಂದು ನನ್ನ ಎದೆಯೆತ್ತರದ ಕರಿಯ ಪೆಟ್ಟಿಗೆ. ಒಳಗೆ ಬರೀ ಸ್ಪೀಕರ್. ದನಿ ಬರಬೇಕಾದರೆ ಬೇರೆ ಆಂಪ್ಲಿಫೈಯರ್ ಜೋಡಿಸಬೇಕು. ಇನ್ನೊಂದು ಮೊಳಕಾಲೆತ್ತರದ್ದು. ಆಂಪ್ಲಿಫೈಯರ್ ಅದರ ಹೊಟ್ಟೆಯಲ್ಲೇ ಇತ್ತು; ಕರೆಂಟು ಕೊಟ್ಟು ಮೈಕ್ ಸಿಕ್ಕಿಸಿದರೆ ಸಾಕು. ಸಿಸ್ಟರ್ ಅದರ ಮೇಲೆ ಕೈಯಿಟ್ಟು, ಕೊನೆಯ ಸಾಲಿನವರೆಗೆ ಕೇಳುತ್ತದೆಯೇ ಎಂದು ವಿಚಾರಿಸಿದರು.

"ದೊಡ್ಡದ ತಗೋರಿ ಅಂತ ಹೇಳು ತಂಗೀ. ಸಣ್ಣದು ಅರ್ಧಾ ಅಂಗಳಕ್ಕೂ ಮುಟ್ಟಂಗಿಲ್ಲ." ಅಪ್ಪ ನನ್ನನ್ನು ಕರೆಯುತ್ತಿದ್ದದ್ದೇ ತಂಗೀ ಎಂದು.

"ದೊಡ್ಡದಕ್ಕ ಆಂಪ್ಲಿಫೈಯರ್ ಎಲ್ಲೈತಪ್ಪಾ?"

"ನಮ್ಮದಿಲ್ಲೇನ? ಗ್ಯಾದರಿಂಗಿಗೆ ನಾನೇ ತಂದು ಹಚ್ಚತೀನಿ. ಮಗಳ ಸಾಲಿಗೆ ಇಲ್ಲಾ ಅಂತೀನೇನ? ಹೇಳು ಹೇಳು. ಇಷ್ಟ ಇಂಗ್ಲಿಷ್ ಕಲಿಸಿದ್ದು ಯಾತಕ್ಕ?"

ಅಂಗಡಿಯವನು ನಕ್ಕ. ನಾನು ಹೇಳಿದೆ. ಅಪ್ಪ ಹೇಳದ ಒಂದು ಮಾತನ್ನೂ ಸೇರಿಸಿದೆ: ನಮ್ಮಪ್ಪ ಮಾತು ಕೊಟ್ಟರೆ ತಪ್ಪುವುದಿಲ್ಲ, ಸಿಸ್ಟರ್. ಅವರು ನನ್ನ ಕೆನ್ನೆ ತಟ್ಟಿ ದೊಡ್ಡದನ್ನೇ ಕೊಂಡರು.

ಗ್ಯಾದರಿಂಗ್ ಎಂದರೆ ಶಾಲೆಯ ವಾರ್ಷಿಕೋತ್ಸವ; ಆ ದಿನ ಸ್ವಾಗತ ಭಾಷಣ ನನ್ನದು. ಅಂಗಳದ ತುಂಬ ಜನ, ಗೇಟಿನಾಚೆ ಮಿರ್ಚಿ ಕರಿಯುವ ವಾಸನೆ. ವೇದಿಕೆಯ ಪಕ್ಕದಲ್ಲಿ ನಮ್ಮ ಪೆಟ್ಟಿಗೆ. ಬೆನ್ನಿನಿಂದ ಎರಡೆಳೆ ವೈರು ಇಳಿಬಿದ್ದಿತ್ತು. ಸಿಸ್ಟರ್ ನನ್ನತ್ತ ನೋಡುವರು, ನಾನು ಗೇಟಿನತ್ತ. ಹತ್ತಾಯಿತು, ಹನ್ನೊಂದಾಯಿತು. ಅಪ್ಪ ಬರಲಿಲ್ಲ. ಕೊನೆಗೆ ಹಾಗೆಯೇ ನಿಂತು ಕೂಗಿ ಹೇಳಿದೆ.

"ಏನಂತಾಳವಾ ಅಕಿ?" ಬದಿಯಿಂದ ಒಬ್ಬಾಕೆ.

"ಯಾರಿಗ ಗೊತ್ತು? ಬಾಯಿ ಅಂತೂ ಆಡಸಾಕತ್ತಾಳ!"

ಸಂಜೆ ಅಪ್ಪ ಬುಂದಿ ಲಾಡು ಹಿಡಿದು ಬಂದ. ಆಂಪ್ಲಿಫೈಯರ್ ಜೊತೆ ಶಿರಹಟ್ಟಿಗೆ, ಲಗ್ನಕ್ಕೆ ಹೋಗಿದ್ದನಂತೆ.

"ಲಗ್ನ ಒಮ್ಮೆ ಆಗೂದು ತಂಗೀ. ಗ್ಯಾದರಿಂಗ್ ವರ್ಷಾ ಬರತೈತಿ."

"ಹಂಗಾದ್ರ ಸಣ್ಣದನ್ನ ಆರಿಸಬೇಕಿತ್ತಲ್ಲಪ್ಪಾ?"

ಅಪ್ಪ ಅವ್ವನ ಕಡೆ ತಿರುಗಿ ನಕ್ಕ. "ನೋಡ ಇಕಿನ್ನ! ಸಣ್ಣದು ತಗೊಂಡ್ರ ಸಾಲಿಯವರು ಆಂಪ್ಲಿಫೈಯರ್ ಬಾಡಿಗಿಗೆ ಮತ್ತ ನಮ್ಮ ಅಂಗಡಿಗೆ ಬರ್ತಾರೇನ?"

"ಆ ಸಣ್ಣದು ಹಿಂದ ಕುಂತವರಿಗೆ ಕೇಳತಿತ್ತಾ?"

"ಕೇಳತಿತ್ತ ಬಿಡು."

ಲಾಡು ತಿಂದೆ. ಬೇಡವೆನ್ನುವಷ್ಟು ಧೈರ್ಯ ನನಗಿರಲಿಲ್ಲ.

ಸಿಸ್ಟರ್ ಬೈಯಲಿಲ್ಲ. ಮುಂದಿನ ವಾರ ಯಾರದೋ ತಾಯಿ ಮಾತಾಡಲು ಬಂದಾಗ, ಬಾಗಿಲಲ್ಲೇ ನಿಂತಿದ್ದ ನನ್ನನ್ನು ಬಿಟ್ಟು, ಮಾತು ದಾಟಿಸಲು ಒಳಗಿಂದ ಬೇರೊಬ್ಬ ಹುಡುಗಿಯನ್ನು ಕರೆಸಿದರು.

ಹತ್ತಾರು ವರ್ಷಗಳ ಮೇಲೆ ಅಪ್ಪ ಮುಂಡರಗಿಯಲ್ಲಿ ನನಗೊಂದು ಮನೆತನ ನೋಡಿ ಬಂದು, "ಚಲೋ ಹುಡುಗ, ಚಲೋ ಮಂದಿ" ಎಂದ. ನಾನು ಗುಟ್ಟಾಗಿ ಸೋದರಮಾವನನ್ನು ಕಳಿಸಿ ವಿಚಾರಿಸಿದೆ. ಅಪ್ಪ ಹೇಳಿದ್ದೆಲ್ಲ ಖರೆಯೇ ಇತ್ತು. ಆದರೆ ಮಾವ ಹೋಗಿ ಬಂದದ್ದು ಹೇಗೋ ಅವನಿಗೆ ಗೊತ್ತಾಯಿತು. ಒಂದು ಮಧ್ಯಾಹ್ನ, ಲಗ್ನದ ಸೀರೆ ಮಡಚುತ್ತಿದ್ದ ನನ್ನ ಪಕ್ಕ ಕುಳಿತು, ಅದರ ಅಂಚನ್ನು ಬಹಳ ಹೊತ್ತು ಸವರಿದ.

"ಖಾತ್ರಿ ಆತೇನ ತಂಗೀ?"

"ಆತಪ್ಪಾ" ಎಂದೆ. ಕೇಳದೆಯೇ ನಂಬುವ ಸುಖ ನನಗೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಮಗಳು ನಂಬುತ್ತಾಳೆಂಬ ಸುಖ ಅವನಿಗೆ ಹೋದದ್ದು ಆ ಮಧ್ಯಾಹ್ನ.