ನೀರು ಬಿಡ್ತಾರಂತೆ

ಅನುಮಾನ ನನ್ನ ಹುಟ್ಟುಗುಣ. ತರಕಾರಿಯವನು ಒಂದು ಹಿಡಿ ಕೊತ್ತಂಬರಿ ಪುಕ್ಕಟೆ ಹಾಕಿದರೆ, ಬದನೆಕಾಯಿ ಹುಳುಕಿರಬೇಕು ಎಂದು ಚೀಲ ಬಿಚ್ಚಿ ನೋಡುವವಳು ನಾನು. ಇಂಥವಳನ್ನು ಜಗಳೂರಿನಿಂದ ಹೊನ್ನಾಳಿಗೆ, ನನಗಿಂತ ಒಂದು ಕೈ ಹೆಚ್ಚೇ ಅನುಮಾನಪಡುವ ಅತ್ತೆಯ ಮನೆಗೆ ಕೊಟ್ಟರು. ನಾನು ಹಾಲು ಕಾಯಿಸಿದರೆ ಅವರು ಕೆನೆ ನೋಡುತ್ತಿದ್ದರು. ಅವರು ನನಗೆ ಹೂ ಕೊಟ್ಟರೆ ನಾನು ಯಾಕೆ ಕೊಟ್ಟರು ಎಂದು ಯೋಚಿಸುತ್ತಿದ್ದೆ. ಹೀಗೆ ಸರಿಹೋಗಿತ್ತು.

ಮದುವೆಯಾದ ವರ್ಷವೇ, ಆಷಾಢ ಮುಗಿಸಿ ನಾನು ತವರಿನಿಂದ ಬಂದ ಹೊಸದರಲ್ಲಿ, ಹೊಳೆ ಬಂತು. ನಮ್ಮ ಮನೆ ಹೊಳೆ ದಂಡೆಯ ಓಣಿಯಲ್ಲಿ. ಓಣಿಗೆ ಓಣಿಯನ್ನೇ ಊರೊಳಗಿನ ಶಾಲೆಗೆ ಸಾಗಿಸಿದರು. ಬಾಗಿಲಿಗೆ ಕಾಳಜಿ ಕೇಂದ್ರ ಎಂದು ಬ್ಯಾನರ್ ಕಟ್ಟಿದ್ದರು. ಚಾಪೆ, ಕಂಬಳಿ, ಅನ್ನ ಸಾರು ಎಲ್ಲರಿಗೂ ಸಿಕ್ಕಿತು. ನನಗೆ ಅದರ ಜೊತೆಗೆ ಒಂದು ಹೆಸರೂ ಸಿಕ್ಕಿತು: ಮಾವನನ್ನು ಮುಳುಗಿಸಲು ಹೊರಟಿದ್ದ ಸೊಸೆ.

ಆದದ್ದು ಇಷ್ಟು. ಅವತ್ತು ಅತ್ತೆ ನ್ಯಾಮತಿಯಲ್ಲಿರುವ ಮಗಳ ಮನೆಗೆ ಹೋಗಿದ್ದರು. ನನ್ನ ಗಂಡ ಗೂಡ್ಸ್ ಆಟೊದಲ್ಲಿ ಲೋಡ್ ಹಾಕಿಕೊಂಡು ಚನ್ನಗಿರಿಗೆ ಹೋಗಿದ್ದರು. ಮನೆಯಲ್ಲಿ ನಾನು, ಮತ್ತೆ ಲಕ್ವ ಹೊಡೆದು ಮಾತು ಬಿದ್ದು ಮಂಚ ಹಿಡಿದಿದ್ದ ಮಾವ. ನಮ್ಮಲ್ಲಿ ಹನಿ ಮಳೆಯೂ ಇರಲಿಲ್ಲ. ಮೈಕು ಕಟ್ಟಿದ ಆಟೊ ಒಂದು ಓಣಿಯ ತುದಿಯಲ್ಲಿ ಹಾದುಹೋಯಿತು. "ನೀರು ಬಿಡಲಾಗುತ್ತಿದ್ದು, ಸಾರ್ವಜನಿಕರು..." ಎಂಬಷ್ಟು ಕೇಳಿಸಿತು, ಉಳಿದದ್ದು ಮೂಲೆ ತಿರುಗಿ ಹೋಯಿತು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಸೆರಗು ಸಿಕ್ಕಿಸಿಕೊಂಡು ಓಡುತ್ತಾ, "ನೀರು ಬಿಡ್ತಾರಂತೆ ಕಣೇ, ಬೇಗ ಬೇಗ!" ಎಂದು ಕೂಗಿದರು.

ನಾನು ಬೇಗ ಬೇಗನೆ ಕೊಡಗಳನ್ನು ತೊಳೆದೆ. ಕೊಡ, ಬಕೆಟ್ಟು, ಬಚ್ಚಲ ಹಂಡೆ, ಅತ್ತೆ ಮುಟ್ಟಬೇಡ ಎಂದಿದ್ದ ತಾಮ್ರದ ಬಿಂದಿಗೆ, ಎಲ್ಲವನ್ನೂ ಹೊಸ್ತಿಲ ಮುಂದೆ ಸಾಲಾಗಿ ಇಟ್ಟು ಕಾವಲು ಕೂತೆ. ನಮ್ಮ ಜಗಳೂರಿನಲ್ಲಿ ನೀರು ಬಿಡುವ ದಿನ ಬೆನ್ನು ತಿರುಗಿಸಿದರೆ ನಮ್ಮ ಕೊಡದ ಮುಂದೆ ಇನ್ನೊಬ್ಬರ ಕೊಡ ಬಂದಿರುತ್ತದೆ. ನೀರು ಬಂತು. ನಲ್ಲಿಯಲ್ಲಿ ಅಲ್ಲ, ಓಣಿಯ ತಗ್ಗಿನಿಂದ ಕೆಂಪಗೆ ಬಂತು. ಸಾಲಿನಲ್ಲಿದ್ದ ಕೊಡಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಯಿತು. ಮಾವನನ್ನು ಎಳೆಯಲು ನೋಡಿದೆ, ಆಗಲಿಲ್ಲ. ನಾನು ಕಿರುಚಿದ್ದು ಕೇಳಿ ಮೇಲಿನ ಓಣಿಯ ಗಂಡಸರು ಬಂದು ಮಂಚದ ಸಮೇತ ಹೊತ್ತುಕೊಂಡು ಹೋದರು. ಮಾವನ ಕಾಲು ಆಗಲೇ ನೆನೆದಿತ್ತು. ನನ್ನ ಫೋನು ನೀರುಪಾಲಾಯಿತು.

ನ್ಯಾಮತಿಯಿಂದ ಓಡಿಬಂದ ಅತ್ತೆಗೆ ಪಕ್ಕದ ಮನೆಯಾಕೆ ವರದಿ ಒಪ್ಪಿಸಿದರು. ಅತ್ತೆ ಶಾಲೆಯ ಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ ಮಗನಿಗೆ ಹೇಳಿದರು: "ಊರೇ ಓಡ್ತಿದ್ರೆ ಇವಳು ಹೊಸ್ತಿಲಲ್ಲಿ ಅಡ್ಡ ಕೊಡ ಇಟ್ಕೊಂಡು ಕೂತಿದ್ಲಂತೆ. ಮುದುಕ ಹೋದ್ರೆ ಕೆಲಸ ಹಗುರ ಆಗ್ತೈತೆ ಅಂತ ಲೆಕ್ಕ. ನೀರಿಳಿದ ಮೇಲೆ ತವರಿಗೆ ಬಿಟ್ಟು ಬಾ." ನನ್ನ ಗಂಡ ಮಾವನ ಕಂಬಳಿ ಸರಿಮಾಡುತ್ತಾ ಕೂತರು. ಆಷಾಢ ಮುಗಿಸಿ ಹೋದವಳು ಶ್ರಾವಣದಲ್ಲೇ ಗಂಟು ಹೊತ್ತು ವಾಪಸ್ ಬಂದರೆ ನಮ್ಮೂರ ಬಾಯಿ ಮುಚ್ಚಲು ಯಾವ ಮುಚ್ಚಳವೂ ಸಾಲದು.

ನಲ್ಲಿ ನೀರು ಅಂದುಕೊಂಡೆ ಎಂದು ಹೇಳಬಹುದಿತ್ತು. ಯಾರು ನಂಬುತ್ತಾರೆ? ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಮೇಲಾಗಿ ಯಾರೂ ಕೇಳಿರಲೂ ಇಲ್ಲ. "ಯಾಕೆ ಹಿಂಗೆ ಮಾಡ್ದೆ?" ಎನ್ನುತ್ತಿದ್ದರು. ಅದು ಪ್ರಶ್ನೆಯಲ್ಲ, ಕಪಾಳಕ್ಕೆ ಕೊಡುವ ಏಟು.

ಆಮೇಲೆ ಬಂದಳು, ಟ್ಯಾಬಿಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಚನ್ನಗಿರಿ ಕಡೆಯ ಒಬ್ಬ ಹುಡುಗಿ. ಯಾವುದೋ ಸಂಸ್ಥೆಯವಳು. "ನಿಮಗೇನು ಬೇಕು, ಮುಂದಿನ ಸಲ ಹೊಳೆ ಬಂದ್ರೆ ಸುದ್ದಿ ಹೆಂಗೆ ಮುಟ್ಟಿಸ್ಬೇಕು ಅಂತ ಕೇಳಾಕೆ ಬಂದೀನಮ್ಮ" ಎಂದಳು.

"ಬೇಕು ಅಂದಿದ್ದು ಕೊಡ್ತೀರೇನು?" ಎಂದರು ಅತ್ತೆ.

"ಈಗ ಬರ್ಕೊಂಡು ಹೋಗ್ತೀನಮ್ಮ."

"ಅದೇ ಅನ್ಕೊಂಡೆ."

ಓಣಿಯನ್ನು ಖಾಲಿ ಮಾಡಿಸಲು ಬಂದವಳು ಎಂದು ಅತ್ತೆಯ ಅನುಮಾನ. ನನ್ನ ಬಾಯಿ ಬಿಡಿಸಲು ಅತ್ತೆಯೇ ಕರೆಸಿದವಳು ಎಂದು ನನ್ನದು. ಅವಳ ಪ್ರಶ್ನೆಗಳೂ ಹಾಗೇ ಇದ್ದವು. "ಮನೇಲಿ ಯಾರ ಮಾತು ನೀವು ಜಾಸ್ತಿ ನಂಬ್ತೀರಕ್ಕ?" ಅತ್ತೆ ಪಕ್ಕದಲ್ಲೇ ಕೂತು ಕಿವಿಯನ್ನು ನನ್ನ ಕಡೆ ತಿರುಗಿಸಿದ್ದರು. "ದೇವರ ಮಾತು" ಎಂದೆ. ಹುಡುಗಿ ಟ್ಯಾಬ್ ಮೇಲೆ ಕೆಳಗೆ ಸರಿಸಿ, "ದೇವರು ಇದ್ರಾಗಿಲ್ಲಕ್ಕ" ಎಂದಳು.

ಆಮೇಲೆ ಅತ್ತೆಯನ್ನು ಕೇಳಿದಳು: "ಮೈಕಲ್ಲಿ ನೀರು ಬಿಡ್ತಾರೆ ಅಂದ್ರೆ ಏನ್ಮಾಡ್ತೀರಮ್ಮ?"

"ಏನ್ಮಾಡಾದು? ಡ್ಯಾಮಿಂದ ಬಿಡ್ತಾರೆ. ಗಂಟು ಕಟ್ಟಾದು, ಮೇಲಕ್ಕೆ ಹೋಗಾದು."

"ನೀವಕ್ಕ?"

"ಕೊಡ ಇಡ್ತೀವಿ" ಎಂದುಬಿಟ್ಟೆ. ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಗೆ ಬಿದ್ದಿತ್ತು.

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ನಗಲಿಲ್ಲ. "ಯಾವೂರಕ್ಕ ನಿಮ್ದು?" ಎಂದಳು. ಜಗಳೂರು ಎಂದೆ. "ಓ, ನಲ್ಲಿ ನೀರು! ನಮ್ಮ ಕಡೆ ಹಂಗಂದ್ರೆ ನಾಲೆ ನೀರು. ನಮ್ಮಪ್ಪ ಸಲಿಕೆ ಹೆಗಲಿಗೆ ಹಾಕ್ಕೊಂಡು ಗದ್ದೆಗೆ ಓಡ್ತಾರೆ" ಎಂದು ಅತ್ತೆಯ ಮುಖ ನೋಡಿದಳು.

ಅತ್ತೆ ಕರಗುವವರಲ್ಲ. "ಇಬ್ರೂ ಮಾತಾಡ್ಕೊಂಡೀರೇನು?" ಎಂದರು. ಸೊಂಟದ ಚೀಲದಿಂದ ಫೋನು ತೆಗೆದರು. "ಬ್ಯಾಡ, ನಿಮ್ಯಾರ್ನೂ ಕೇಳಾದು ಬ್ಯಾಡ. ಇವರವ್ವನ್ನೇ ಕೇಳ್ತೀನಿ. ನೀನು ಉಸಿರು ಬಿಟ್ಟೀಯ ನೋಡು" ಎಂದು ನನಗೆ ಬೆರಳು ತೋರಿಸಿ, ಸ್ಪೀಕರ್ ಹಾಕಿ, ಜಗಳೂರಿಗೆ ಫೋನು ಹಚ್ಚಿದರು.

ಹೊಳೆ ಬಂದಾಗಿನಿಂದ ಅವ್ವನೊಂದಿಗೆ ನಾನು ಮಾತಾಡಿರಲಿಲ್ಲ. ಅವ್ವ ಫೋನು ಮಾಡಿದಾಗಲೆಲ್ಲ ಅತ್ತೆಯೇ ಎತ್ತಿ, "ಹೊಳೆ ಬಂದೈತೆ, ಸ್ಕೂಲಲ್ಲಿದೀವಿ, ಎಲ್ಲಾರೂ ಚೆನ್ನಾಗಿದೀವಿ" ಎಂದು ಇಟ್ಟುಬಿಡುತ್ತಿದ್ದರು. ಅಂದರೆ ಇಲ್ಲಿ ಹೊಳೆ ಬಂದದ್ದು ಅವ್ವನಿಗೆ ಗೊತ್ತಿತ್ತು. ಹೊನ್ನಾಳಿಯ ಬೀಗಿತ್ತಿ ನೀರು ಎಂದ ಕೂಡಲೇ, "ಅಯ್ಯೋ, ಮತ್ತೆ ಹೊಳೆ ಬಂತೇನ್ರಿ" ಎಂದುಬಿಟ್ಟರೆ ನನ್ನ ಸಂಸಾರ ಅಲ್ಲಿಗೆ ಮುಗಿಯಿತು.

"ಹಲೋ, ಬೀಗಿತ್ತೀ? ನೀರು ಬಿಡ್ತಾರಂತೆ ಕಣ್ರಿ" ಎಂದರು ಅತ್ತೆ. ಅಷ್ಟೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಹೌದಾ? ತಡೀರಿ ತಡೀರಿ, ಕೊಡ ಇಟ್ಟು ಬರ್ತೀನಿ!"

ಫೋನನ್ನು ಎಲ್ಲೋ ಕುಕ್ಕಿದ ಸದ್ದು. ಆಮೇಲೆ ಖಾಲಿ ಕೊಡಗಳು ಒಂದಕ್ಕೊಂದು ತಾಗುವ ಸದ್ದು, ಅವ್ವ ಪಕ್ಕದ ಮನೆಯವಳನ್ನು ಕೂಗುವ ಸದ್ದು, ಆ ಪಕ್ಕದ ಮನೆಯ ಕೊಡಗಳ ಸದ್ದು. ಶಾಲೆಯ ಕೋಣೆಯಲ್ಲಿ ಎಲ್ಲರೂ ಕೇಳುತ್ತಾ ಕೂತರು. ನನಗೆ ಅಳು ತಡೆಯಲಾಗಲಿಲ್ಲ, ಗಟ್ಟಿಯಾಗಿಯೇ ಅತ್ತುಬಿಟ್ಟೆ. ನನ್ನ ಗಂಡ ಮಾವನ ಮಂಚದ ಪಕ್ಕದಿಂದ ಎದ್ದು ಬಂದು ನನ್ನ ಹತ್ತಿರ ನಿಂತರು.

ಬಹಳ ಹೊತ್ತಿನ ಮೇಲೆ ಅವ್ವ ಏದುಸಿರು ಬಿಡುತ್ತಾ ಬಂದರು. "ಹ್ಞಾ, ಹೇಳ್ರಿ ಬೀಗಿತ್ತಿ. ಇಲ್ಲಿ ಓಣಿ ಹೆಂಗಸ್ರೆಲ್ಲ ಸಾಲು ಹಚ್ಚೀವಿ. ಎಷ್ಟೊತ್ತಿಗೆ ಬಿಡ್ತಾರಂತೆ?"

ಅತ್ತೆ ಸುತ್ತ ಒಮ್ಮೆ ನೋಡಿದರು. ಆಮೇಲೆ ಫೋನನ್ನು ನನ್ನ ಕೈಗೆ ತುರುಕಿದರು.

"ನೀನೇ ಹೇಳವ್ವ. ನಿಮ್ಮೂರ ಮಾತು ನಂಗೆ ಬರಲ್ಲ."